ಬಿಳಿ ಬಟ್ಟಲು, ಪೂರ್ವದ ಕಿಟಕಿ

ಮೂರು ದಿನದಿಂದ ನನ್ನ ಬಲಭುಜ ನೋಯುತ್ತಿದೆ. ಆಸ್ಪತ್ರೆಯ ಕುರ್ಚಿಯಲ್ಲಿ ಸೊಟ್ಟಗೆ ಮಲಗಿದ್ದಕ್ಕೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಬರೆದದ್ದನ್ನು ನಾನೇ ಪೂರ್ತಿ ನಂಬಿಲ್ಲ. ಅದಿರಲಿ, ಈ ಬರಹ ನನ್ನ ಬಗ್ಗೆ ಅಲ್ಲ.

ಬೆಳಗಿನ ಆರು ಗಂಟೆ. ಲಿವರ್ ಕಸಿಯಾದವರ ವಾರ್ಡಿನಲ್ಲಿ ಸಹಾಯಕಿಯೊಬ್ಬರು ಅಪ್ಪನ ಮಂಚದ ಪಕ್ಕ ಮಂಡಿಯೂರಿ, ಹೊಟ್ಟೆಯಿಂದ ಇಳಿದ ಕೊಳವೆಯ ಚೀಲವನ್ನು ಅಳತೆಯ ಜಾಡಿಗೆ ಬಗ್ಗಿಸುತ್ತಿದ್ದಾರೆ. ನೂರ ಅರವತ್ತು ಮಿಲಿ. ಬರೆದಿಟ್ಟರೆ ಅಲ್ಲಿಗೆ ಅವರ ಕೆಲಸ ಮುಗಿಯಿತು. ಅವರು ಮುಗಿಸುವುದಿಲ್ಲ. ಸ್ವಲ್ಪವನ್ನು ಬಿಳಿ ಪಿಂಗಾಣಿ ಬಟ್ಟಲಿಗೆ ಸುರಿದು ಪೂರ್ವದ ಕಿಟಕಿಗೆ ಒಯ್ಯುತ್ತಾರೆ. ನರ್ಸುಗಳು ಇಟ್ಟ ಹೆಸರು, ಬಟ್ಟಲಕ್ಕ.

“ಟ್ಯೂಬ್‌ಲೈಟಲ್ಲಿ ಎಲ್ಲಾ ಒಂದೇ ಬಣ್ಣ ಕಾಣತ್ತೆ ಕಣಮ್ಮಾ. ಒಂದ್ಸಲ ಒಬ್ಬ ಹೆಂಗಸಿನ ಚೀಲ ನೋಡಿ, ಹಾಗೇ ನಂಬಿ ‘ಸರಿ ಇದೆ’ ಅಂತ ಬರೆಸ್ಬಿಟ್ಟೆ. ಆ ಹೆಂಗಸು ಉಳ್ಕೊಂಡ್ಲು. ಆದ್ರೆ ಒಂದು ದಿನ ಸುಮ್‌ಸುಮ್ನೆ ನರಳಿದ್ಲು, ನನ್ನಿಂದ.”

ಬಟ್ಟಲು ಬಂದದ್ದು ಆಮೇಲೆ. ಇಪ್ಪತ್ತೆರಡು ವರ್ಷದ ಕೆಲಸ; ಹತ್ತು ಮಂಚ, ಇಪ್ಪತ್ತು ಚೀಲ, ಒಂದು ಪಾಳಿಗೆ ನಲವತ್ತು ಸಲ ಬಗ್ಗಬೇಕು. ಸೊಂಟದ ಮಾತೆತ್ತಿದರೆ, “ಅದಕ್ಕೂ ಒಂದು ಕಸಿ ಮಾಡ್ತಾರಾ ಕೇಳಿ” ಎಂದು ನಗುತ್ತಾರೆ.

ನನ್ನ ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗ ಈಗ ಅಪ್ಪನೊಳಗಿದೆ. ಕಸಿಯಾದ ಆರನೆಯ ಬೆಳಿಗ್ಗೆ ಚೀಲದ ಅಳತೆ ಹಿಂದಿನ ದಿನದಷ್ಟೇ ಇತ್ತು. ಬಟ್ಟಲಲ್ಲಿ ಮಾತ್ರ ಹಸಿರು ಕಂಡಿತು. “ಡಾಕ್ಟ್ರೇ, ಒಂದ್ನಿಮಿಷ ಕಿಟಕಿ ಹತ್ರ ಬನ್ನಿ” ಎಂದು ಬಟ್ಟಲಕ್ಕ ಕರೆದರಂತೆ. ಪಿತ್ತನಾಳ ಜೋಡಿಸಿದಲ್ಲಿ ಸೋರುತ್ತಿತ್ತು. ಮಧ್ಯಾಹ್ನದೊಳಗೆ ಅಪ್ಪನಿಗೆ ಎರಡನೇ ಆಪರೇಷನ್.

ನಾನು ಕೊಟ್ಟದ್ದೇ ಸರಿಯಿರಲಿಲ್ಲವೇ? ಹಾಗೆಲ್ಲ ಅಲ್ಲ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ತಲೆಯಾಡಿಸಿದೆ. ಏನೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. ಅಪ್ಪ ಮಾತ್ರ, “ನಿನ್ನ ಲಿವರ್ ನಿನ್ನ ಥರಾನೇ ಕಣೇ. ಹೊಸ ಜಾಗಕ್ಕೆ ಬಂದ್ರೆ ಹೊಂದ್ಕೊಳ್ಳೋಕೆ ವಾರಗಟ್ಟಲೆ ಬೇಕು” ಎನ್ನುತ್ತಾರೆ. ನನಗೇನೂ ಆಗುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡ ಮೇಲಷ್ಟೇ ಅವರು ಕಸಿಗೆ ಸಹಿ ಹಾಕಿದ್ದು. ನನ್ನನ್ನು ಡಿಸ್ಚಾರ್ಜ್ ಮಾಡುವಾಗ, ಬಲಭುಜ ನೋವು ಬಂದರೆ ಕೂಡಲೇ ತಿಳಿಸಿ ಎಂದಿದ್ದರು ಡಾಕ್ಟರು.

ನಿಮಗೇನಾದರೂ ಆಸೆ ಉಂಟೇ ಎಂದು ಬಟ್ಟಲಕ್ಕನನ್ನು ಕೇಳುತ್ತೇನೆ. “ಆ ಕಿಟಕಿಗೆ ಬೀರು ಅಡ್ಡ ಇಡ್ತಾರಂತೆ. ಇಡದಿದ್ರೆ ಸಾಕು.” ಬಟ್ಟಲು ತೊಳೆದು ಕೈಗವಸು ಕಳಚಿ ನನ್ನ ಮುಖ ನೋಡುತ್ತಾರೆ. ಆಮೇಲೆ ನನ್ನನ್ನು ಮೊಣಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುತ್ತಾರೆ.

“ಅಷ್ಟೊತ್ತಿಂದ ನನ್ನೇ ಕೇಳ್ತಿದ್ದೀರಲ್ಲಮ್ಮಾ. ನೀವು ಹೇಗಿದ್ದೀರಿ?”

ಚೆನ್ನಾಗಿದ್ದೀನಿ ಎಂಬುದು ನಾಲಿಗೆಯ ತುದಿಗೆ ಬರುತ್ತದೆ. ಅಪ್ಪ ನಿದ್ದೆಯಲ್ಲಿದ್ದಾರೆ.

“ಇಲ್ಲ ಅಕ್ಕಾ. ಮೂರು ದಿನದಿಂದ ಭುಜ ನೋಯ್ತಿದೆ, ಸಂಜೆಯಾದ್ರೆ ಜ್ವರ ಬರ್ತಿದೆ. ಯಾರಿಗೂ ಹೇಳಿಲ್ಲ.”