ಕೆಂಚ ನಿಲ್ಲುವ ಜಾಗ

ಬಸ್ಸಿನಲ್ಲಿ ಕೂತರೆ ರಂಗವ್ವನಿಗೆ ತಲೆ ಸುತ್ತುತ್ತದೆ. ತಟ್ಟುಕುದುರೆಯ ಬೆನ್ನ ಮೇಲೆ, ಅದೂ ಸಾಮಾನಿನ ಗುಡ್ಡೆಯ ತುದಿಯಲ್ಲಿ ಕೂತು ಮೂವತ್ತು ವರ್ಷ ಊರೂರು ತಿರುಗಿದವಳು ಅವಳು. ಆ ಸವಾರಿಯೇನು ಸಾಮಾನ್ಯವೇ! ಕೆಳಗೆ ಕಂಬಳಿ, ಅದರ ಮೇಲೆ ಜೋಳದ ಚೀಲ, ಗಡಿಗೆ, ಹಂಚು. ಎರಡೂ ಬದಿಯ ಜೋಳಿಗೆಯಲ್ಲಿ ಅವತ್ತೇ ಹುಟ್ಟಿದ ಕುರಿಮರಿಗಳು, ಹಿಂದೆ ಕಾಲು ಕಟ್ಟಿಸಿಕೊಂಡ ಎರಡು ಕೋಳಿ. ಎಲ್ಲದರ ಮೇಲೆ ರಂಗವ್ವ. ಕಾರಿನವರು ನಿಲ್ಲಿಸಿ ಫೋಟೊ ತೆಗೆದರೆ, "ತಗೀರಿ ತಗೀರಿ, ಕೋಳಿನೂ ಬರ್ಲಿ" ಎನ್ನುತ್ತಿದ್ದಳು.

ಬಿಡಾರ ಎತ್ತುವ ದಿನ ಗಂಡ ಬಂಡೆಪ್ಪ ಕುರಿ ಹೊಡೆದುಕೊಂಡು ಹೊಲ ಹಾಯ್ದು ಬರುತ್ತಿದ್ದ. ಇವಳು ತಟ್ಟಿನೊಂದಿಗೆ ರಸ್ತೆ ಹಿಡಿದು ಮೊದಲೇ ಮುಟ್ಟಬೇಕು. ಹೋದ ವರ್ಷ ಬಿಟ್ಟುಹೋದ ಮೂರು ಒಲೆಗಲ್ಲು ಹುಡುಕಿ ಬೆಂಕಿ ಹಾಕಬೇಕು. ಆ ಹೊಗೆ ನೋಡಿಯೇ ಬಂಡೆಪ್ಪ ಕುರಿಗಳನ್ನು ಅತ್ತ ತಿರುಗಿಸುವುದು. ಕುರಿಗಾರರ ಮನೆಯ ಹೆಂಗಸರಿಗೆ ಇದು ತಲೆತಲಾಂತರದ ಕೆಲಸ. ಆದರೆ ಹುಡುಕುವ ಕಷ್ಟ ರಂಗವ್ವನಿಗಿರಲಿಲ್ಲ. ಅವಳ ತಟ್ಟು ಕೆಂಚ ತಾನೇ ಹೋಗಿ ಕಲ್ಲಿನ ಮುಂದೆ ನಿಲ್ಲುತ್ತಿತ್ತು. ಸಾಮಾನು ಇಳಿಸಿದರೂ ಮೇಯುತ್ತಿರಲಿಲ್ಲ. ಕುರಿ ಬರುವ ದಿಕ್ಕಿಗೆ ಕಿವಿ ನಿಮಿರಿಸಿಕೊಂಡು, ಬಂಡೆಪ್ಪನ ಸಿಳ್ಳು ಕೇಳುವ ತನಕ ನಿಂತೇ ಇರುತ್ತಿತ್ತು.

ಎರಡು ವರ್ಷದ ಹಿಂದೆ ಬಂಡೆಪ್ಪ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಗ ಸೋಮಲಿಂಗ ಗೂಡ್ಸ್ ಗಾಡಿ ತಂದ. ಕುರಿ, ಚೀಲ, ಗಡಿಗೆ ಎಲ್ಲ ಗಾಡಿಯಲ್ಲೇ.

"ಇನ್ನ ಆ ತಟ್ಟು ಯಾಕ ಬೇಕ ಯವ್ವಾ? ಸುಮ್ನ ತಿಂದು ನಿಂತೈತಿ."

"ನಾನೂ ತಿಂದು ಕುಂತೇನಿ. ನನ್ನೂ ಮಾರಿ ಬಿಡೋ."

ಮಗ ನಕ್ಕ. ಕೊನೆಗೆ ಈ ವರ್ಷ ಕೆಂಚನನ್ನು ಬಾದಾಮಿ ಹತ್ತಿರದ ಚೊಳಚಗುಡ್ಡದವನೊಬ್ಬನಿಗೆ ಮಾರಿಯೇಬಿಟ್ಟ. ಬನಶಂಕರಿ ಗುಡಿಗೆ ಬರುವ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸುವವನು ಅವನು. ದನ ಮಾರಿದರೂ ಹಗ್ಗ ಕೊಡಬಾರದು ಎನ್ನುತ್ತಾರಲ್ಲ, ರಂಗವ್ವ ಹಗ್ಗ ಬಿಚ್ಚಿಕೊಂಡು ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಇಳಕಲ್ ಹತ್ತಿರದ ಅವರ ಮನೆಯಲ್ಲಿ ಜನಕ್ಕೇನೂ ಕಮ್ಮಿಯಿಲ್ಲ. ಆದರೂ ಅವಳಿಗೆ ಒಬ್ಬಳೇ ಉಳಿದಂತಾಯಿತು. ಬಂಡೆಪ್ಪನ ಸುದ್ದಿಯನ್ನು ಅವಳು ಆಡುತ್ತಿದ್ದದ್ದು ಕೆಂಚನ ಮುಂದೆ ಮಾತ್ರ.

ಮಾರಿದ ಎಂಟನೇ ದಿನ ಚೊಳಚಗುಡ್ಡದಿಂದ ಫೋನ್ ಬಂತು. ಕುದುರೆ ಕಿತ್ತುಕೊಂಡು ಓಡಿದೆ, ಹಿಡಿದುಕೊಡಿ. ಸೋಮಲಿಂಗ ಗಾಡಿ ತೆಗೆದುಕೊಂಡು ಎರಡು ದಿನ ಬಾದಾಮಿಯ ದಾರಿಯೆಲ್ಲ ಸುತ್ತಿ, ಬೈಯುತ್ತ ಬರಿಗೈಲಿ ಬಂದ. ಅಯ್ಯೋ ಹುಚ್ಚಪ್ಪಾ, ಅದೇನು ಗಾಡಿಯೇ ಡಾಂಬರು ಹಿಡಿದು ಸೀದಾ ಮನೆಗೆ ಬರಲಿಕ್ಕೆ! ಈ ತಿಂಗಳು ಬಿಡಾರ ರಾಮಥಾಳದ ಹೊಲದಲ್ಲಿ ಇರುತ್ತಿತ್ತು, ಅಲ್ಲಿಗೇ ಹೋಗಿರುತ್ತದೆ. ರಂಗವ್ವ ಯಾರಿಗೂ ಹೇಳದೆ ಮೂರನೇ ದಿನ ಹಗ್ಗ ಮಡಿಲಲ್ಲಿ ಕಟ್ಟಿಕೊಂಡು ಹುನಗುಂದದ ಬಸ್ಸು ಹತ್ತಿದಳು, ಅಲ್ಲಿಂದ ರಾಮಥಾಳಕ್ಕೆ. ತಲೆ ಸುತ್ತುತ್ತಿದ್ದರೂ ಒಳಗೊಳಗೇ ಹಿಗ್ಗು. ನನ್ನ ಬಿಟ್ಟಿರಲಾರದೆ ಬಂದಿದೆ, ಪಾಪ, ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಮೊದಲು ಬರೀ ಎರೆಹೊಲವಾಗಿದ್ದಲ್ಲಿ ಈಗ ನೀರಿನ ಪೈಪು, ಮೆಣಸಿನ ಗಿಡ. ಒಲೆಗಲ್ಲುಗಳನ್ನು ಯಾರೋ ಬದುವಿಗೆ ಎತ್ತಿ ಹಾಕಿದ್ದರು. ಅಲ್ಲೇ ಮೆಣಸಿನ ಸಾಲಿನ ನಡುವೆ, ಮೈಯೆಲ್ಲ ಧೂಳಾಗಿ, ಕೆಂಚ ನಿಂತಿತ್ತು. ಹೊಲದ ಒಡತಿ ಶಮಶಾದಬಿ ಕೋಲು ಹಿಡಿದು ಸೋತು ಕೂತಿದ್ದಳು.

"ನಿಂದೇನವ್ವಾ ಈ ಕುದರಿ? ನಿನ್ನೆ ಸಂಜಿಂದ ನಿಂತೈತಿ. ಹೊಡದ್ರೂ ಕದಲವಲ್ದು. ಗಿಡಾ ಒಂದ್ ತಿಂದಿಲ್ಲ, ಅದ ದೊಡ್ಡ ಪುಣ್ಯಾ."

"ಕೆಂಚಾ!" ಎಂದು ಕೂಗಿದಳು ರಂಗವ್ವ.

ಕೆಂಚ ಒಂದು ಕಿವಿಯನ್ನಷ್ಟೇ ಅವಳತ್ತ ತಿರುಗಿಸಿತು. ಮತ್ತೆ ಬಡಗಣ ಹೊಲದ ಕಡೆಗೇ ನೋಡುತ್ತ ನಿಂತಿತು. ಕುರಿ ಬರುತ್ತಿದ್ದದ್ದು ಆ ಕಡೆಯಿಂದಲೇ.

ರಂಗವ್ವನಿಗೆ ಆಗ ತಿಳಿಯಿತು. ತನಗಾಗಿ ಬಂದದ್ದಲ್ಲ ಇದು. ಸಿಟ್ಟೂ ಬಂತು, ನಗುವೂ ಬಂತು, ಕೊನೆಗೆ ಸೆರಗು ಬಾಯಿಗಿಟ್ಟುಕೊಂಡು ಅತ್ತೇಬಿಟ್ಟಳು. ಶಮಶಾದಬಿ ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು.

ಅಷ್ಟರಲ್ಲಿ ಮಗನ ಫೋನು. "ಎಲ್ಲಿದ್ದೀ ಯವ್ವಾ? ದಿಂಬಿನ ಕೆಳಗ ಹಗ್ಗಾನೂ ಇಲ್ಲ. ತಟ್ಟು ಸಿಕ್ತೇನು?"

"ಸಿಕ್ಕೈತಿ. ಆದ್ರ ಕೊಡಂಗಿಲ್ಲ. ಅವರ ರೊಕ್ಕಾ ಅವರಿಗೆ ಮುಟ್ಟಿಸು. ನಾ ಇದರ ಮ್ಯಾಲ ಕುಂತು ಬರ್ತೇನಿ, ಹಾದಿ ಕಾಯಬ್ಯಾಡ."

ಫೋನು ಇಟ್ಟು, ಬದುವಿನ ಮೇಲೆ ಮೂರು ಕಲ್ಲು ಜೋಡಿಸಿದಳು. ಶಮಶಾದಬಿ ನಾಲ್ಕು ಹತ್ತಿಕಟ್ಟಿಗೆ ತಂದುಕೊಟ್ಟಳು. ಹೊಗೆ ಎದ್ದದ್ದೇ ತಡ, ಕೆಂಚ ಕಿವಿಯನ್ನು ಮತ್ತಷ್ಟು ನಿಮಿರಿಸಿತು.

"ಬರೂದಿಲ್ಲೋ ಅಂವ ಇನ್ನ" ಎಂದಳು ರಂಗವ್ವ. ಎರಡು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿ, ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿ, ತಾನೂ ಆ ಹೊಲದ ಕಡೆಗೇ ಮುಖ ಮಾಡಿ ಕೂತಳು.