ವ್ಯಾನಿಗೆ ಹಾಕಿದ ಲಾರಿ ಪಟ್ಟಿ

ಅಜ್ಜಂಪುರದ ಜಯದೇವಪ್ಪ ಊಟಕ್ಕೆ ಕೂತರೆ ಮಜ್ಜಿಗೆಗೆ ಕಾಯುವವನಲ್ಲ. ಮದುವೆಗೆ ಹೋದರೆ ಅಕ್ಷತೆ ಬೀಳುವ ಮೊದಲೇ ಚಪ್ಪಲಿ ಹುಡುಕುವವನು. ಇಂಥ ಅವಸರದ ಮನುಷ್ಯನ ಕೈಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಹಳೆಯ ವ್ಯಾನು ಬಂತು. ಸುಗ್ಗಿಯಲ್ಲಿ ಈರುಳ್ಳಿ ಚೀಲಗಳನ್ನು ತರೀಕೆರೆಯ ಮಂಡಿಗಳಿಗೆ ಸಾಗಿಸುವುದು ಅವನ ಕಸುಬಾಯಿತು. ಒಂದೇ ಸಲಕ್ಕೆ ಎಲ್ಲವನ್ನೂ ಹೇರಿಕೊಂಡು ಹೋಗಿಬಿಡಬೇಕು ಎನ್ನುವುದು ಅವನ ಹಟ. ಅದೇ ದಾರಿಯನ್ನು ದಿನಕ್ಕೆ ಎರಡು ಸಲ ತುಳಿಯುವುದೆಂದರೆ ಅವನಿಗೆ ಮೈಯೆಲ್ಲ ಉರಿ.

ಅದಕ್ಕೆ ಅಡ್ಡ ನಿಂತವನು ಲಕ್ಕಣ್ಣ. ಲಕ್ಕಣ್ಣ ಈರುಳ್ಳಿ ಹೇರುವ ಹಮಾಲರ ಹಿರಿಯ. ಊರಲ್ಲಿ ತೂಕದ ಕಲ್ಲಿದ್ದರೂ ಗಾಡಿಗೆ ಎಷ್ಟು ಹೇರಬೇಕು ಎನ್ನುವುದನ್ನು ಅವನ ಅಂಗೈ ಹೇಳಬೇಕಿತ್ತು. ಹಿಂದಿನ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸುತ್ತಿದ್ದ. ಅಂಗೈ ಸಲೀಸಾಗಿ ಹೋದರೆ ಇನ್ನಷ್ಟು ಚೀಲ. ಬೆರಳು ಮಾತ್ರ ಹೋದರೆ ಮುಗಿಯಿತು, ಆಮೇಲೆ ಒಂದು ಗಡ್ಡೆಯನ್ನೂ ಇಡಗೊಡುತ್ತಿರಲಿಲ್ಲ. ಸಾಹುಕಾರರೂ ಅದಕ್ಕೆ ತಲೆಬಾಗುತ್ತಿದ್ದರು. ಆ ಕೈ ಸಾಕೆಂದ ಗಾಡಿ ದಾರಿಯಲ್ಲಿ ಕೂತ ಉದಾಹರಣೆ ಇರಲಿಲ್ಲ.

ಜಯದೇವಪ್ಪ ಮಾತ್ರ ದಿನಾ ಜಗಳಕ್ಕೆ ಬೀಳುತ್ತಿದ್ದ. ಇನ್ನು ನಾಲ್ಕು ಚೀಲ ಹಾಕಿದರೆ ಭೂಮಿ ಬಾಯಿ ಬಿಡುತ್ತದೆಯೇ ಎಂದು ಹಾರಾಡುತ್ತಿದ್ದ. ಲಕ್ಕಣ್ಣ ಟವೆಲು ಕೊಡವಿ ಮುಂದಿನ ಗಾಡಿಗೆ ನಡೆಯುತ್ತಿದ್ದ. ಜಗಳ ಆಡಿ ಆಡಿ ಸಾಕಾದ ಜಯದೇವಪ್ಪ ಒಂದು ಉಪಾಯ ಹೂಡಿದ.

ಕಡೂರಿನ ಗ್ಯಾರೇಜೊಂದರಲ್ಲಿ ಗುಜರಿ ಲಾರಿಯ ಹಿಂಭಾಗ ಬಿದ್ದಿತ್ತು. ಗಾಡಿಯ ಭಾರವನ್ನೆಲ್ಲ ಚಕ್ರದ ಮೇಲೆ ಹೊರುವುದು ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು. ಭಾರ ಬಿದ್ದಷ್ಟೂ ಅವು ಬಗ್ಗಿ ಗಾಡಿ ಟೈರಿನ ಕಡೆಗೆ ಕುಗ್ಗುತ್ತದೆ, ದಪ್ಪ ಪಟ್ಟಿಯಾದರೆ ಸುಲಭಕ್ಕೆ ಬಗ್ಗುವುದಿಲ್ಲ. ಆ ಲಾರಿಯ ದಪ್ಪ ಪಟ್ಟಿಗಳನ್ನು ಕತ್ತರಿಸಿ, ವ್ಯಾನಿನ ಹಿಂಬದಿಯ ಪಟ್ಟಿಗಳ ಕೆಳಗೆ ಸೇರಿಸಿ, ಹೊಸ ಬೋಲ್ಟು ಹಾಕಿ ಬಿಗಿಸಿಕೊಂಡು ಬಂದ. ಮೇಸ್ತ್ರಿ ಬಿಗಿಯುವಾಗಲೇ ಎಚ್ಚರಿಸಿದ್ದ. ಪಟ್ಟಿ ಗಟ್ಟಿಯಾಯಿತು ಅಂತ ಟೈರು, ಬ್ರೇಕು ಗಟ್ಟಿಯಾಗುವುದಿಲ್ಲ, ಮೊದಲಿನಷ್ಟೇ ಹೇರು ಎಂದಿದ್ದ. ಜಯದೇವಪ್ಪ ಆಗಲೇ ವ್ಯಾನು ಸ್ಟಾರ್ಟ್ ಮಾಡಿದ್ದ. ಅವಸರದವನ ಕಿವಿಗೆ ಇಂಥ ಮಾತು ಅರ್ಧವೇ ಹೋಗುವುದು.

ಮರುದಿನ ವ್ಯಾನಿನ ಹಿಂಭಾಗ ಎತ್ತರಕ್ಕೆ ನಿಂತಿದ್ದನ್ನು ಕಂಡು ಲಕ್ಕಣ್ಣ ಏನು ಸಮಾಚಾರ ಎಂದು ಕೇಳಿದ. ಸರ್ವೀಸ್ ಮಾಡಿಸಿದೆ ಎಂದ ಜಯದೇವಪ್ಪ. ಚೀಲಗಳು ಏರಿದವು. ಲಕ್ಕಣ್ಣ ಕೈ ತೂರಿಸಿದ, ಅಂಗೈ ಸಲೀಸಾಗಿ ಹೋಯಿತು. ಮತ್ತೆ ಏರಿದವು. ಮತ್ತೆ ಹೋಯಿತು. ಲಕ್ಕಣ್ಣ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ, ಆದರೂ ಕೈ ಹೇಳಿದಂತೆ ಹೇರಿಸಿದ. ಜಗಳವಿಲ್ಲದೆ ಗೆದ್ದ ಖುಷಿಯಲ್ಲಿ ಜಯದೇವಪ್ಪ ಸ್ಟೇರಿಂಗಿನ ಮೇಲೆ ತಾಳ ಹಾಕಿದ.

ಹಾಗೇ ಕೆಲವು ವಾರ ನಡೆಯಿತು. ಒಂದು ಮಧ್ಯಾಹ್ನ ಲಕ್ಕಣ್ಣನೂ ತರೀಕೆರೆಗೆ ಕೆಲಸವಿದೆಯೆಂದು ಚೀಲಗಳ ಮೇಲೆ ಹತ್ತಿ ಕೂತ. ಇಳಿಜಾರಿನಲ್ಲಿ ಹಿಂದಿನ ಟೈರು ಸಿಡಿಯಿತು. ಬ್ರೇಕು ತುಳಿದರೆ ವ್ಯಾನು ನಿಲ್ಲುವ ಬದಲು ವಾಲಿಕೊಂಡು ಮೋರಿಯ ಪಕ್ಕದ ಹಳ್ಳಕ್ಕೆ ಮಗುಚಿತು. ಈರುಳ್ಳಿ ಹೊಲದ ತುಂಬ ಉರುಳಿತು. ಲಕ್ಕಣ್ಣನ ಕಾಲು ಚೀಲಗಳ ಅಡಿಗೆ ಸಿಕ್ಕು ಮುರಿಯಿತು. ಆ ದಪ್ಪ ಪಟ್ಟಿಗಳು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ತರೀಕೆರೆಯ ಆಸ್ಪತ್ರೆಯಲ್ಲಿ ಕಾಲಿಗೆ ಸುಣ್ಣದ ಕಟ್ಟು ಹಾಕಿಸಿಕೊಂಡು ಮಲಗಿದ ಲಕ್ಕಣ್ಣ ಜಯದೇವಪ್ಪನ ಕೈ ಹಿಡಿದುಕೊಂಡ.

“ನಂದೇ ತಪ್ಪು ಕಣಪ್ಪಾ. ವಯಸ್ಸಾಯ್ತು, ಕೈಯಿ ಮೋಸ ಮಾಡ್ತು. ನಿನ್ನ ಜೀವಾನೂ ಹೋಗ್ತಿತ್ತು.”

ಜಯದೇವಪ್ಪ ಬಾಯಿ ತೆರೆದ. ಈಗ ಹೇಳಿದರೆ ಆಯಿತು, ಹೇಳಿಬಿಟ್ಟರೆ ಮುಗಿಯಿತು ಎನ್ನಿಸಿತು. ಅಷ್ಟರಲ್ಲಿ ಲಕ್ಕಣ್ಣನ ಹೆಂಡತಿ ಹುಲಿಗೆಮ್ಮ ಗಂಜಿ ತಂದಳು. ಜನ್ಮದಲ್ಲಿ ಯಾವುದಕ್ಕೂ ಕಾಯದವನು, ಹೇಳುವುದಕ್ಕೆ ನಾಳೆಯವರೆಗೆ ಕಾಯೋಣ ಎಂದುಕೊಂಡ.

ನಾಳೆ ಬರಲೇ ಇಲ್ಲ. ಕಟ್ಟು ಬಿಚ್ಚಿದರು, ಲಕ್ಕಣ್ಣ ಕುಂಟುತ್ತ ನಡೆದಾಡಿದ, ಆದರೆ ಚೀಲ ಹೇರುವ ಕಡೆಗೆ ತಲೆ ಹಾಕಲಿಲ್ಲ. ಸಾಹುಕಾರರೇ ಬಂದು ಕರೆದರು. ನನ್ನ ಕೈ ನಂಬಿ ಯಾರೂ ಸಾಯುವುದು ಬೇಡ ಎಂದು ಒಳಗೆ ಹೋಗಿ ಕೂತ. ವ್ಯಾನು ರಿಪೇರಿ ಮಾಡಿಸುವಾಗ ಜಯದೇವಪ್ಪ ಪಟ್ಟಿಗಳನ್ನು ಬಿಚ್ಚಿಸಿ ಹಿತ್ತಿಲಿಗೆ ಎಸೆದ. ಲಕ್ಕಣ್ಣನ ಮನೆಗೆ ಬೆಲ್ಲ ಕೊಟ್ಟು ಬಂದ, ಹುಣಸೆಹಣ್ಣು ಕೊಟ್ಟು ಬಂದ, ಕೂತಲ್ಲಿ ಕೂರಲಾರದೆ ಎದ್ದು ಬಂದ. ಮಲಗಿದರೆ ಮಗ್ಗುಲು ಬದಲಿಸುವುದೇ ಆಯಿತು. ಏನು ಕಳೆದುಕೊಂಡಿದ್ದೀರಿ ಎಂದು ಹೆಂಡತಿ ತೀರ್ಥಮ್ಮ ಕೇಳಿದರೆ ಅವಳ ಮೇಲೇ ಹರಿಹಾಯ್ದ. ತಾನು ಹೇಡಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದು ಸುಮ್ಮನಿರುವುದೇ ಅವನನ್ನು ಕೊರೆಯುತ್ತಿತ್ತು.

ಮುಂದಿನ ಸುಗ್ಗಿ ಬಂದಾಗ ಹುಲಿಗೆಮ್ಮ ಅಂಗಡಿಯ ಮುಂದೆ ಸಿಕ್ಕಳು. ಮನೆಯ ಮುಂದೆ ಯಾರದೋ ಲಾರಿ ನಿಂತರೆ, ಯಾರೂ ಇಲ್ಲದಾಗ ಗಂಡ ಅದರ ಟೈರಿನ ಮೇಲೆ ಕೈ ತೂರಿಸಿ ನೋಡುತ್ತಾನೆ, ಆಮೇಲೆ ಆ ಕೈಯನ್ನು ಪಂಚೆಗೆ ಒರೆಸಿಕೊಂಡು ಅಳುತ್ತಾನೆ ಎಂದಳು.

ಜಯದೇವಪ್ಪ ಅಲ್ಲಿಂದ ನೇರ ಹಿತ್ತಿಲಿಗೆ ಹೋಗಿ ತುಕ್ಕು ಹಿಡಿದ ಪಟ್ಟಿಗಳನ್ನು ಹೆಗಲ ಮೇಲೆ ಹೊತ್ತು ತಂದು ಲಕ್ಕಣ್ಣನ ಜಗುಲಿಯ ಮೇಲಿಟ್ಟ. ಕಡೂರಿಗೆ ಹೋದದ್ದು, ಬಿಗಿಸಿದ್ದು, ಸರ್ವೀಸ್ ಎಂದು ಸುಳ್ಳು ಹೇಳಿದ್ದು, ಎಲ್ಲವನ್ನೂ ಒದರಿದ. ಲಕ್ಕಣ್ಣ ಪಟ್ಟಿಯ ದಪ್ಪವನ್ನು ಸವರಿ ನೋಡಿದ. ಮುಖ ಅರಳಿತು.

“ಲೇ ಹುಲಿಗೀ, ಬಾ ಇಲ್ಲಿ. ನನ್ನ ಕೈಯಿ ಸರಿಯಾಗೇ ಇತ್ತು ಕಣೇ.”

ಜಯದೇವಪ್ಪನ ಕಣ್ಣು ತುಂಬಿತು. ಹೆಗಲಿನ ಭಾರ ಇಳಿಯಿತು ಎಂದುಕೊಂಡ. ಆಗ ಲಕ್ಕಣ್ಣ ಅವನ ಕಡೆ ತಿರುಗಿದ.

“ಕಾಲು ಮುರಿದಿದ್ದು ಹೋಗ್ಲಿ ಬಿಡು. ವರ್ಷ ಪೂರ್ತಿ ನನ್ನ ಕೈನ ನಾನೇ ನಂಬದಂಗೆ ಮಾಡಿ, ಬೆಲ್ಲ ತಂದ್ಕೊಡ್ತಿದ್ಯಲ್ಲೋ.”

ಅಷ್ಟೇ ಹೇಳಿ ಒಳಗೆ ಹೋದ.

ಲಕ್ಕಣ್ಣ ಹೇರುವ ಕೆಲಸಕ್ಕೆ ಮರಳಿದ. ಕುಂಟುತ್ತಲೇ ಪ್ರತಿ ಗಾಡಿಯ ಬಳಿಗೆ ಹೋಗಿ ಅಂಗೈ ತೂರಿಸಿ ಸಾಕು, ಇನ್ನಷ್ಟು ಎಂದು ಹೇಳುತ್ತ ಬಂದ. ಜಯದೇವಪ್ಪನ ವ್ಯಾನಿನ ಹತ್ತಿರ ಬಂದು, ದಾಟಿ ಮುಂದೆ ಹೋದ. ಪಟ್ಟಿ ಬಿಚ್ಚಿಸಿದ್ದೇನೆ, ಬಗ್ಗಿ ನೋಡು ಎಂದು ಜಯದೇವಪ್ಪ ಹಿಂದಿನಿಂದ ಅಂಗಲಾಚಿದ.

“ನಿನ್ನ ಗಾಡಿಗೆ ನೀನೇ ಕೈ ಇಟ್ಟು ನೋಡ್ಕೋ” ಎಂದ ಲಕ್ಕಣ್ಣ, ತಿರುಗದೆಯೇ.

ಹಮಾಲರು ಚೀಲ ಹೊತ್ತು ಕಾಯುತ್ತಿದ್ದರು. ಜಯದೇವಪ್ಪ ಬಗ್ಗಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿದ, ತೆಗೆದ, ಮತ್ತೆ ತೂರಿಸಿದ. ಅವನ ಕೈಗೆ ಏನೂ ತಿಳಿಯಲಿಲ್ಲ.