ನಿಂತು ಕಲಿತ ಪಾಠ

ಮೊನ್ನೆ ಅಕ್ಕಲಕೋಟೆಯ ಮನೆಯಲ್ಲಿ ಹೊಸ ಟವೆಲ್ಲಿನ ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನಿಮಗದು ಅಂಗಡಿಯ ವಾಸನೆ ಇರಬಹುದು, ನನಗೆ ಕಾಲೇಜಿನದು. ಸೊಲ್ಲಾಪುರದ ಕಾರ್ಮಿಕ ಸಂಘವೊಂದು ತಾನೇ ಕಟ್ಟಿ ನಡೆಸುವ ಕಾಲೇಜು ಅದು. ಪಾಳಿ ಮುಗಿಸಿದವರು ಕಾರ್ಖಾನೆಯ ಬಟ್ಟೆಯಲ್ಲೇ ಬಂದು ಕಾರ್ಮಿಕ ಕಾಯ್ದೆ ಓದುತ್ತಿದ್ದರು.

ಅವರ ನಡುವೆ ಇಸ್ತ್ರಿ ಅಂಗಿಯವನು ನಾನೊಬ್ಬನೇ. ಟವೆಲ್ ಕಾರ್ಖಾನೆಯೊಂದರ ಗುಮಾಸ್ತ. ಆಫೀಸಿನ ಕಿಟಕಿಯೊಳಗೆ ಕೂತು ಅರ್ಜಿ ತೆಗೆದುಕೊಳ್ಳುವವನು, ಕೆಲಸದಿಂದ ತೆಗೆಯುವ ನೋಟಿಸು ಬರೆಯುವವನು. ಡಿಪ್ಲೊಮಾ ಇದ್ದರೆ ಬಡ್ತಿ ಸಿಕ್ಕೀತೆಂದು ಸೇರಿದ್ದೆ. ಸಂಘದವರು ನನ್ನನ್ನೇಕೆ ಸೇರಿಸಿಕೊಂಡರೋ! ಪಕ್ಕದ ಬೆಂಚಿನಲ್ಲಿ ವಳಸಂಗದ ಮಹಾದೇವಿಬಾಯಿ ಕೂರುತ್ತಿದ್ದರು. ಬೇರೊಂದು ಕಾರ್ಖಾನೆಯಲ್ಲಿ ಟವೆಲ್ಲಿನ ಅಂಚು ಹೊಲಿಯುವ ಕೆಲಸ ಅವರದು. ಪುಸ್ತಕಗಳೆಲ್ಲ ಮರಾಠಿಯಲ್ಲಿದ್ದುದರಿಂದ ಅವರಿಗೆ ನಾನೇ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಹೇಳುವಾಗ ಸ್ವಲ್ಪ ಗತ್ತೂ ಇರುತ್ತಿತ್ತೆನ್ನಿ.

ಒಂದು ಸಂಜೆ ಮಾಸ್ತರರು ಮಾಲಕರೊಡನೆ ಮಾತುಕತೆ ಮಾಡುವ ಪಾಠವನ್ನು ನಾಟಕದಂತೆ ಆಡಿಸಿದರು. ಮಹಾದೇವಿಬಾಯಿ ಮಾಲಕಿ, ನಾನು ಕೆಲಸಗಾರ. ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಅವರು ತಲೆಯೆತ್ತದೆ ಮೊಬೈಲ್ ನೋಡುತ್ತ ಕೂತರು. ನಾನು ನಿಂತೇ ಇದ್ದೆ. ಮೊದಲು ಕ್ಲಾಸು ನಕ್ಕಿತು, ಆಮೇಲೆ ಎಲ್ಲರೂ ನನ್ನನ್ನೇ ನೋಡತೊಡಗಿದರು.

"ಬಾಯಾರ, ನಂದೊಂದೀಟು ಕೇಳ್ರಿ," ಎಂದೆ.

"ಅರ್ಜಿ ಇಟ್ಟು ಹೋಗು. ಕೇಳೂದೇನೈತಿ ಅದರಾಗ?"

ಕ್ಲಾಸು ಬಿಟ್ಟ ಮೇಲೆ ಕೇಳಿದೆ: "ಭಾರೀ ಮಾಡಿದ್ರಿ. ಎಲ್ಲಿ ಕಲ್ತ್ರಿ ಇದನ್ನ?"

"ನಿಮ್ಮ ಖಿಡಕಿ ಮುಂದ ನಿಂತು, ಸಾಹೇಬ್ರ. ಮೊದಲ ನಿಮ್ಮ ಕಾರ್ಖಾನ್ಯಾಗ ಇದ್ನಿ. ಅವ್ವಗ ಆರಾಮಿಲ್ಲಂತ ರಜಾ ಕೇಳಾಕ ಬಂದಿದ್ನಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ನೋಯಿಸಿತು. ಅಷ್ಟು ತಿಂಗಳು ಪಕ್ಕದಲ್ಲಿ ಕೂತಿದ್ದರೂ ನನಗೆ ಆ ಮುಖದ ಗುರುತು ಹತ್ತಿರಲಿಲ್ಲ.

ಮುಂದಿನ ವಾರ ಚಪಳಗಾಂವದ ಮಗ್ಗದಾಳೊಬ್ಬನಿಗೆ ನೋಟಿಸು ಬರೆಯುವ ಕೆಲಸ ಬಂತು: ಹೇಳದೆ ಕೇಳದೆ ಗೈರುಹಾಜರು. 'ಕಾರಣ ಕೇಳಲಾಯಿತು, ಸಮರ್ಪಕ ಉತ್ತರ ಬಂದಿಲ್ಲ' ಎಂಬುದು ನಾನು ಯಾವಾಗಲೂ ಸೇರಿಸುತ್ತಿದ್ದ ಸಾಲು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅವತ್ತು ಕೈ ಓಡಲಿಲ್ಲ. ಅವನನ್ನು ಕರೆಸಿ, ಕುರ್ಚಿ ಕೊಟ್ಟು ಕೇಳಿದೆ. ಮಗ್ಗದಲ್ಲಿ ಸಿಕ್ಕು ಬಾತುಕೊಂಡ ಬೆರಳು ತೋರಿಸಿ, "ಪಾಳಿ ನೋಡೂ ಮುಕಾದಮಗ ಹೇಳೇ ಹೋಗಿದ್ನಿರಿ," ಎಂದ. ಅದನ್ನೇ ಬರೆದು ಮ್ಯಾನೇಜರರ ಮುಂದಿಟ್ಟೆ.

"ನೀವು ಯಾರ ಕಡಿಯವ್ರು?" ಎಂದರು ಅವರು.

"ಕೇಳದನ ಕೇಳೀವಂತ ಬರ್ಯಾಕ ಆಗೂದಿಲ್ಲರಿ," ಎಂದೆ.

ಅವನ ಕೆಲಸ ಉಳಿಯಿತು. ಬಡ್ತಿ ಬೇರೊಬ್ಬರಿಗೆ ಹೋಯಿತು.

ಈಗ ಮಹಾದೇವಿಬಾಯಿ ಅದೇ ಕಾಲೇಜಿನಲ್ಲಿ ರವಿವಾರ ಪಾಠ ಹೇಳುತ್ತಾರೆ. ನಾನೋ, ಈ ಕಥೆಯನ್ನು ಆ ಒಬ್ಬನ ಕೆಲಸ ಉಳಿದಲ್ಲಿಗೆ ಮುಗಿಸಿ ಬೆನ್ನು ತಟ್ಟಿಕೊಳ್ಳುತ್ತ ಬಂದವನು. ಆದರೆ ಮೊನ್ನೆ ಆ ಟವೆಲ್ ಬಿಚ್ಚಿದಾಗಿನಿಂದ ಅದಕ್ಕೂ ಮುಂಚೆ ಬರೆದ ನೋಟಿಸುಗಳೇ ಕಣ್ಣ ಮುಂದೆ. ಎಷ್ಟೋ ಹೆಸರು ಮರೆತಿವೆ, ಒಂದು ಮರೆತಿಲ್ಲ: ಸಲಗರ ಬುದ್ರುಕದ ಸಿದ್ರಾಮ. ನಾಳೆ ಆ ಊರಿಗೆ ಹೊರಟಿದ್ದೇನೆ. ಏನು ಹೇಳಬೇಕೆಂದು ಇನ್ನೂ ಹೊಳೆದಿಲ್ಲ. ಅವನು ಮನೆಯಲ್ಲಿದ್ದರೆ ಸಾಕು.